ಕ್ಲೌಡ್ ಕಟ್ಟುವವರು, ಕ್ಲೌಡ್ ಕಾಯುವವರು



ಈ ದತ್ತಿಯ ಉಪನ್ಯಾಸ ಕನ್ನಡದಲ್ಲೇ ಆಗಬೇಕು, ವಿಷಯ ನಾಡಿನ ಸಂಸ್ಥೆಗಳನ್ನು ನಡೆಸುವವರಿಗೆ ಉಪಯೋಗಕ್ಕೆ ಬರುವಂತಿರಬೇಕು ಎಂಬುದು ದಾನಿಗಳ ಅಪೇಕ್ಷೆ. ಅದಕ್ಕಾಗಿಯೇ ಒಂದು ಆಡಳಿತದ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಒಂದು ಬ್ಯಾಂಕು, ಒಂದು ಆಸ್ಪತ್ರೆ, ಒಂದು ವಿಶ್ವವಿದ್ಯಾಲಯ ಅಥವಾ ಸರ್ಕಾರದ ಒಂದು ಇಲಾಖೆ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನೆಲ್ಲ ಕ್ಲೌಡಿಗೆ ಸಾಗಿಸಲು ಹೊರಟಾಗ ಆ ಕೆಲಸವನ್ನು ತನ್ನ ಸಿಬ್ಬಂದಿಯಿಂದಲೇ ಮಾಡಿಸಬೇಕೋ, ಹೊರಗಿನ ಕನ್ಸಲ್ಟೆಂಟರಿಗೆ ವಹಿಸಬೇಕೋ? ಈ ಮೇಜಿನ ಎರಡೂ ಬದಿಯಲ್ಲಿ ಕೂತು ಕೆಲಸ ಮಾಡಿದವನು ನಾನು. ಕನ್ಸಲ್ಟೆಂಟನಾಗಿ ಬೇರೆಯವರ ವ್ಯವಸ್ಥೆ ಕಟ್ಟಿಕೊಟ್ಟಿದ್ದೇನೆ. ಸಂಸ್ಥೆಯ ನೌಕರನಾಗಿ, ಬೇರೆಯವರು ಕಟ್ಟಿಕೊಟ್ಟು ಹೋದದ್ದನ್ನು ರಾತ್ರಿಯೆಲ್ಲ ಕಾದಿದ್ದೇನೆ.

ಅಮೆಜಾನ್ ಕಂಪನಿ 2006ರಲ್ಲಿ ತನ್ನ ಕಂಪ್ಯೂಟರುಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿತು; ಕ್ಲೌಡ್ ಎಂದರೆ ಇದೇ. 2016ರಲ್ಲಿ ಮುಂಬಯಿಯಲ್ಲಿ ಅದರ ಡೇಟಾ ಸೆಂಟರುಗಳು ತೆರೆದವು. ಮೈಕ್ರೋಸಾಫ್ಟ್, ಗೂಗಲ್‌ಗಳೂ ಆಸುಪಾಸಿನಲ್ಲೇ ಬಂದವು. ಅದಕ್ಕೆ ಮೊದಲು ಪ್ರತಿ ಕಚೇರಿಯಲ್ಲೂ ಎಸಿ ಹಾಕಿದ ಒಂದು ಸರ್ವರ್ ಕೋಣೆ, ಪಕ್ಕದಲ್ಲಿ ಯುಪಿಎಸ್, ಅದರ ಬೀಗದ ಕೈ ಇಟ್ಟುಕೊಂಡ ಒಬ್ಬ ಮನುಷ್ಯ ಇರುತ್ತಿದ್ದರು. ಏನಾದರೂ ಕೆಟ್ಟರೆ ಯಾರನ್ನು ಕರೆಯಬೇಕು ಎಂಬುದು ಜವಾನನಿಗೂ ಗೊತ್ತಿತ್ತು. ಕ್ಲೌಡ್ ಬಂದ ಮೇಲೆ ಕೋಣೆ ಹೋಯಿತು. ಕೋಣೆಯ ಜೊತೆ ಆ ಮನುಷ್ಯನೂ ಬೇಕಿಲ್ಲ ಎಂದು ಅನೇಕ ಆಡಳಿತ ಮಂಡಳಿಗಳು ತಿಳಿದವು. ತೊಂದರೆ ಹುಟ್ಟಿದ್ದೇ ಇಲ್ಲಿ. ಕ್ಲೌಡ್ ಕಂಪನಿ ಹೊರುವುದು ಕಟ್ಟಡ, ವಿದ್ಯುತ್ತು, ಯಂತ್ರಗಳ ಹೊಣೆಯನ್ನು. ನಿಮ್ಮ ಯಾವ ಕಡತ ಎಲ್ಲಿದೆ, ಯಾರು ಅದನ್ನು ತೆರೆಯಬಹುದು, ಅದರ ಇನ್ನೊಂದು ಪ್ರತಿ ಎಲ್ಲಿದೆ, ಕಳೆದ ಬಾರಿ ಆ ಪ್ರತಿಯಿಂದ ವ್ಯವಸ್ಥೆಯನ್ನು ಮರಳಿ ಎಬ್ಬಿಸಿ ನೋಡಿದ್ದು ಯಾವಾಗ ಎಂಬುದೆಲ್ಲ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಕ್ಲೌಡ್ ಕಂಪನಿಗಳ ಕರಾರು ಪತ್ರದಲ್ಲಿ ಇದು ಸ್ಪಷ್ಟವಾಗಿಯೇ ಬರೆದಿರುತ್ತದೆ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ನಾವು ಇಂದು ಬಾಡಿಗೆಗೆ ಪಡೆಯುವ ಬಗೆಯ ಕ್ಲೌಡ್ ಆಗಿರಲಿಲ್ಲ. ಎರಡು ಡೇಟಾ ಸೆಂಟರುಗಳ ಮೇಲೆ ಕಟ್ಟಿದ ಹೊಸ ವ್ಯವಸ್ಥೆ. ಆದರೆ ನಮ್ಮ ಪ್ರಶ್ನೆಗೆ ಇದಕ್ಕಿಂತ ತಕ್ಕ ಉದಾಹರಣೆ ನನಗೆ ತಿಳಿದಿಲ್ಲ, ತನಿಖೆಯ ವರದಿಗಳೂ ಸಾರ್ವಜನಿಕವಾಗಿ ಓದಲು ಸಿಗುತ್ತವೆ. ಟಿಎಸ್‌ಬಿ ಮೊದಲು ಲಾಯ್ಡ್ಸ್ ಬ್ಯಾಂಕಿನ ಭಾಗವಾಗಿತ್ತು. ಬೇರೆಯಾದ ಮೇಲೂ ಲಾಯ್ಡ್ಸ್‌ನ ಕಂಪ್ಯೂಟರುಗಳ ಮೇಲೆಯೇ, ದೊಡ್ಡ ಶುಲ್ಕ ಕೊಟ್ಟು, ನಡೆಯುತ್ತಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನು ಕೊಂಡುಕೊಂಡಿತು. ಹೊಸ ವ್ಯವಸ್ಥೆಯನ್ನು ಕಟ್ಟುವ, ನಡೆಸುವ ಎರಡೂ ಕೆಲಸ ಸಬಾಡೆಲ್‌ನ ತಂತ್ರಜ್ಞಾನ ಕಂಪನಿ ಸಬಿಸ್‌ಗೆ ಹೋಯಿತು. ಸಬಿಸ್ ತಾನೂ ಹತ್ತಾರು ಉಪಗುತ್ತಿಗೆದಾರರನ್ನು ನೆಚ್ಚಿಕೊಂಡಿತ್ತು. ಸ್ಪೇನಿನ ಸಣ್ಣ ಬ್ಯಾಂಕುಗಳನ್ನು ಒಂದುಗೂಡಿಸಿದ ಅನುಭವ ಅದಕ್ಕಿತ್ತು. ಇಷ್ಟೊಂದು ಉಪಗುತ್ತಿಗೆದಾರರನ್ನು ಹಿಡಿದಿಟ್ಟು ಬ್ರಿಟನ್ನಿನಲ್ಲಿ ಇಂಥ ಕೆಲಸ ನಡೆಸಿದ ಅನುಭವ ಇರಲಿಲ್ಲ.

2018ರ ಏಪ್ರಿಲ್ 20ರ ಶುಕ್ರವಾರ ವರ್ಗಾವಣೆ ಆರಂಭವಾಯಿತು. 52 ಲಕ್ಷ ಗ್ರಾಹಕರ ಖಾತೆಗಳು ಒಂದೇ ವಾರಾಂತ್ಯದಲ್ಲಿ ಹಳೆಯದರಿಂದ ಹೊಸದಕ್ಕೆ ಹೋಗಬೇಕು. ಗಮನಿಸಿ: ದತ್ತಾಂಶ ಸರಿಯಾಗಿಯೇ ಹೋಯಿತು. ಭಾನುವಾರ ಸಂಜೆ ಬಾಗಿಲು ತೆರೆದು ಜನ ಒಳಗೆ ಬಂದಾಗ ಅವರನ್ನು ಹೊರುವ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನಕ್ಕೆ ತಮ್ಮ ಖಾತೆಯೊಳಗೆ ಹೋಗಲಾಗಲಿಲ್ಲ. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ಬ್ಯಾಂಕಿನ ಎಲ್ಲ ಶಾಖೆಗಳಿಗೂ ಬಿಸಿ ತಟ್ಟಿತು. ಎಲ್ಲವೂ ಮಾಮೂಲಿಗೆ ಬರಲು ಡಿಸೆಂಬರ್ ಆಯಿತು. 2,25,492 ದೂರುಗಳು ಬಂದವು. ಪರಿಹಾರವಾಗಿಯೇ 3.27 ಕೋಟಿ ಪೌಂಡ್ ಕೊಡಬೇಕಾಯಿತು. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಎರಡು ನಿಯಂತ್ರಣ ಸಂಸ್ಥೆಗಳು ಸೇರಿ 4.865 ಕೋಟಿ ಪೌಂಡ್ ದಂಡ ಹಾಕಿದವು.

ಬ್ಯಾಂಕೇ ನೇಮಿಸಿದ ಸ್ಲಾಟರ್ ಅಂಡ್ ಮೇ ಎಂಬ ವಕೀಲರ ಸಂಸ್ಥೆ 2019ರಲ್ಲಿ ಕೊಟ್ಟ ತನಿಖಾ ವರದಿಯಲ್ಲಿ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಎಷ್ಟು ಜನ ಒಮ್ಮೆಗೇ ಬಂದರೆ ವ್ಯವಸ್ಥೆ ತಡೆದೀತು ಎಂಬ ಹೊರೆಯ ಪರೀಕ್ಷೆ ನಡೆದದ್ದು ಎರಡು ಡೇಟಾ ಸೆಂಟರುಗಳಲ್ಲಿ ಒಂದರಲ್ಲಿ ಮಾತ್ರ. ಎರಡೂ ಒಂದೇ ರೀತಿ ಸಜ್ಜಾಗಿವೆ ಎಂಬ ನಂಬಿಕೆಯ ಮೇಲೆ ಇಡೀ ಬ್ಯಾಂಕು ನಿಂತಿತ್ತು. ಅವು ಒಂದೇ ರೀತಿ ಇರಲಿಲ್ಲ. ಎರಡನೆಯ ಸಂಗತಿ ಒಂದು ಪತ್ರ. ವರ್ಗಾವಣೆಗೆ ಮೊದಲು, ತಾನು ಸಿದ್ಧವಿದ್ದೇನೆ ಎಂದು ಸಬಿಸ್ ಬರೆದುಕೊಟ್ಟಿತ್ತು. ಅದರ ಉಪಗುತ್ತಿಗೆದಾರರು ಕೊಟ್ಟ ಭರವಸೆಗಳಲ್ಲಿ ಹಲವು, ಸಿದ್ಧವಾಗಿದ್ದೇವೆ ಎನ್ನುವುದರ ಬದಲು ಮುಂದೆ ಸಿದ್ಧವಾಗುತ್ತೇವೆ ಎಂಬ ಧಾಟಿಯಲ್ಲಿದ್ದವು. ಬ್ಯಾಂಕಿನ ಮುಖ್ಯ ಮಾಹಿತಿ ಅಧಿಕಾರಿ ಆ ಪತ್ರವನ್ನು ನೆಚ್ಚಿಕೊಂಡರು; ಅದರ ಹಿಂದೆ ಏನಿದೆ ಎಂದು ಬೇಕಾದಷ್ಟು ಕೆದಕಲಿಲ್ಲ. 2023ರ ಏಪ್ರಿಲಿನಲ್ಲಿ ಅವರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಹೊರಗಿನವರಿಗೆ ಕೆಲಸ ವಹಿಸಿದ್ದು ಅವರ ಅಪರಾಧ ಎಂದು ಯಾರೂ ಹೇಳಲಿಲ್ಲ. ವಹಿಸಿದ ಕೆಲಸದ ಮೇಲ್ವಿಚಾರಣೆ ಸಾಲಲಿಲ್ಲ ಎಂಬುದು ಅವರ ಮೇಲಿನ ಆರೋಪ.

ಇಲ್ಲಿ ಕೂತಿರುವ ಆಡಳಿತಗಾರರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಕನ್ಸಲ್ಟೆಂಟರು ಸಿದ್ಧವಾಗಿದೆ ಎಂದಾಗ, ಎಲ್ಲಿ ತೋರಿಸಿ ಎಂದು ಕೇಳುವಷ್ಟು ಮತ್ತು ತೋರಿಸಿದ್ದು ಅರ್ಥವಾಗುವಷ್ಟು ತಿಳಿದ ಒಬ್ಬರಾದರೂ ನಿಮ್ಮ ಸಂಬಳದ ಪಟ್ಟಿಯಲ್ಲಿ ಇರಬೇಕು. ಜೊತೆಗೆ, ಈ ವಾರ ಬೇಡ ಎಂದು ಹೇಳುವ ಅಧಿಕಾರವೂ ಅವರಿಗಿರಬೇಕು.

ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಜಾಲತಾಣದಲ್ಲಿ ಇದೇ ಸಮಸ್ಯೆಯ ಇನ್ನೊಂದು ಮುಖ ಕಂಡಿತು. 2013ರ ಅಕ್ಟೋಬರ್ 1ರಂದು ಅದು ತೆರೆದಾಗ ಮೊದಲ ದಿನ ವಿಮೆಗೆ ನೋಂದಾಯಿಸಲು ಸಾಧ್ಯವಾದದ್ದು 6 ಜನಕ್ಕೆ. ಹತ್ತಾರು ಗುತ್ತಿಗೆದಾರರು ಅದರಲ್ಲಿ ಕೆಲಸ ಮಾಡಿದ್ದರು, ಒಬ್ಬೊಬ್ಬರಿಗೂ ತಮ್ಮ ತುಂಡು ಮಾತ್ರ ಗೊತ್ತು. ಸರಿಪಡಿಸಲು ಬಂದ ಎಂಜಿನಿಯರುಗಳಿಗೆ ಮೊದಲು ಕಂಡ ಕೊರತೆ ತೀರ ಸರಳವಾದದ್ದು: ತಾಣ ಎಷ್ಟು ನಿಧಾನವಾಗಿದೆ, ಎಲ್ಲಿ ತಡೆ ಬಿದ್ದಿದೆ ಎಂದು ತೋರಿಸುವ ಒಂದು ಪರದೆಯೂ ಅಲ್ಲಿರಲಿಲ್ಲ. ಮತ್ತೆ ಮತ್ತೆ ಬೇಕಾಗುವ ಮಾಹಿತಿಯನ್ನು ಪ್ರತಿಸಲ ಡೇಟಾಬೇಸಿನ ಆಳದಿಂದ ತೆಗೆಯುವ ಬದಲು ಕೈಗೆಟಕುವಂತೆ ಇಟ್ಟಾಗ, ಪುಟ ತೆರೆಯಲು ಹಿಡಿಯುತ್ತಿದ್ದ 8 ಸೆಕೆಂಡು ರಾತ್ರೋರಾತ್ರಿ 2 ಸೆಕೆಂಡಿಗೆ ಇಳಿಯಿತು. ಆ ತಂಡವನ್ನು ನಡೆಸಿದ ಮೈಕಿ ಡಿಕರ್ಸನ್ ಸಭೆಗಳಿಗೆ ಒಂದು ನಿಯಮ ಮಾಡಿದ್ದರು: ಹುದ್ದೆ ದೊಡ್ಡದಿರುವವರು ಸುಮ್ಮನಿರಬೇಕು, ಆ ಸಮಸ್ಯೆಯ ಬಗ್ಗೆ ಹೆಚ್ಚು ತಿಳಿದವರು ಮಾತಾಡಬೇಕು. ನಮ್ಮ ಕಚೇರಿಗಳಲ್ಲಿ ಸಾಹೇಬರು ಮಾತು ಮುಗಿಸುವವರೆಗೆ ತಿಳಿದವನು ಬಾಯಿ ಬಿಡುವಂತಿಲ್ಲ. ಈ ನಿಯಮವೊಂದನ್ನು ತಂದರೂ ಬಹಳ ಹಣ ಉಳಿಯುತ್ತದೆ. ಅಮೆರಿಕ ಸರ್ಕಾರ ಆ ಅನುಭವದ ಮೇಲೆ 2014ರ ಆಗಸ್ಟಿನಲ್ಲಿ ತನ್ನದೇ ಎಂಜಿನಿಯರುಗಳ ಒಂದು ಡಿಜಿಟಲ್ ಸೇವಾ ತಂಡ ಕಟ್ಟಿಕೊಂಡಿತು. ಬ್ರಿಟನ್ 2011ರಲ್ಲೇ ಅಂಥ ತಂಡ ಕಟ್ಟಿತ್ತು.

ಹಾಗಾದರೆ ಸ್ವಂತ ತಂಡವಿದ್ದರೆ ಸಾಕೇ? ಸಾಲದು. ಕ್ಯಾಪಿಟಲ್ ಒನ್ ಎಂಬ ಅಮೆರಿಕದ ಬ್ಯಾಂಕಿನ ಎಂಜಿನಿಯರಿಂಗ್ ತಂಡ ಹೆಸರುವಾಸಿ; ಕ್ಲೌಡಿಗೆ ಮೊದಲು ಹೊರಟ ದೊಡ್ಡ ಬ್ಯಾಂಕುಗಳಲ್ಲಿ ಅದೂ ಒಂದು. 2019ರಲ್ಲಿ ಅದರ ಒಂದು ಫೈರ್‌ವಾಲ್ ತಪ್ಪಾಗಿ ಹೊಂದಿಸಿದ್ದರಿಂದ, ಆ ಫೈರ್‌ವಾಲಿಗೆ ಅಗತ್ಯಕ್ಕಿಂತ ಹೆಚ್ಚಿನ ಅನುಮತಿ ಇದ್ದದ್ದರಿಂದ, ಸುಮಾರು 10.6 ಕೋಟಿ ಜನರ ಮಾಹಿತಿ ಅಕ್ರಮವಾಗಿ ಒಳನುಗ್ಗಿದ ಒಬ್ಬಳ ಕೈಸೇರಿತು. ಬ್ಯಾಂಕಿಗೆ ಗೊತ್ತಾದದ್ದು ಹೊರಗಿನವರೊಬ್ಬರು ಇಮೇಲ್ ಕಳಿಸಿ ಎಚ್ಚರಿಸಿದ ಮೇಲೆ. ಒಳಗಿನವರ ಕಣ್ಣು ಅಭ್ಯಾಸಕ್ಕೆ ಬಿದ್ದಿರುತ್ತದೆ. ಹೊರಗಿನವರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಬೇಕೆನ್ನುವುದು ಇದಕ್ಕೇ.

ಕನ್ಸಲ್ಟೆಂಟರ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಒಂದು ಸಂಸ್ಥೆ ಕ್ಲೌಡಿಗೆ ಸಾಗುವುದು ಜನ್ಮಕ್ಕೊಮ್ಮೆ. ಒಳ್ಳೆಯ ಕನ್ಸಲ್ಟೆಂಟ್ ಆ ದಾರಿಯಲ್ಲಿ ಹತ್ತಾರು ಸಲ ಓಡಾಡಿರುತ್ತಾನೆ. ಐಪಿ ವಿಳಾಸಗಳನ್ನು ಹೇಗೆ ಹಂಚಿದರೆ ಐದು ವರ್ಷದ ನಂತರ ಇನ್ನೊಂದು ಶಾಖೆ ಸೇರಿಸುವಾಗ ಡಿಕ್ಕಿಯಾಗುವುದಿಲ್ಲ, ಪರೀಕ್ಷೆಯ ವ್ಯವಸ್ಥೆಯನ್ನೂ ನಿಜವಾದ ವ್ಯವಸ್ಥೆಯನ್ನೂ ಬೇರೆ ಬೇರೆ ಖಾತೆಗಳಲ್ಲಿ ಇಡುವುದು ಹೇಗೆ, ಯಾವ ಹಳೆಯ ತಂತ್ರಾಂಶವನ್ನು ಹಾಗೇ ಎತ್ತಿ ಸಾಗಿಸಬಹುದು, ಯಾವುದನ್ನು ಹೊಸದಾಗಿ ಬರೆಯಲೇಬೇಕು ಎಂಬುದು ಅನುಭವದ ಜ್ಞಾನ. ಇದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಅವರ ಹಿತವೂ ನಿಮ್ಮ ಹಿತವೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಕ್ಲೌಡನ್ನು ಮಾರುವ ಪಾಲುದಾರ ಕಂಪನಿಯೇ ನಿಮ್ಮ ಕನ್ಸಲ್ಟೆಂಟೂ ಆಗಿದ್ದರೆ, ನಿಮ್ಮ ತಿಂಗಳ ಬಿಲ್ಲು ಏರಿದಷ್ಟೂ ಅವರ ವರಮಾನ ಏರುತ್ತದೆ. ರಾತ್ರಿ ಹೊತ್ತು ಯಾರೂ ಬಳಸದ ಸರ್ವರುಗಳನ್ನು ನಿಲ್ಲಿಸಿ ಎಂದು ಅವರು ತಾವಾಗಿ ಬಂದು ಹೇಳಲಿ ಎಂದು ಕಾಯಬೇಡಿ.

ಈ ಕೆಲಸಕ್ಕೆ ಹಿಡಿಯುವ ಕಾಲವನ್ನೂ ನೋಡೋಣ. ನೆಟ್‌ಫ್ಲಿಕ್ಸ್ ಕಂಪನಿ 2008ರ ಆಗಸ್ಟಿನಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಕೂತ ಮೇಲೆ ಕ್ಲೌಡಿನ ದಾರಿ ಹಿಡಿಯಿತು. ಮುಗಿದದ್ದು 2016ರ ಜನವರಿಯಲ್ಲಿ. ಇದ್ದದ್ದನ್ನು ಹಾಗೇ ಸಾಗಿಸಿದರೆ ಹಳೆಯ ದೋಷಗಳೂ ಜೊತೆಗೆ ಬರುತ್ತವೆ ಎಂದು ಅವರು ಬಹುಪಾಲು ತಂತ್ರಾಂಶವನ್ನೇ ಹೊಸದಾಗಿ ಬರೆದರು. ಅಂಥ ಪ್ರತಿಭಾವಂತರ ತಂಡಕ್ಕೇ ಏಳು ವರ್ಷ ಹಿಡಿಯಿತು. ನಮ್ಮಲ್ಲಿ ಆರು ತಿಂಗಳ ಟೆಂಡರ್ ಕರೆಯುವವರು ಈ ಅಂಕಿಯನ್ನು ಒಮ್ಮೆ ಮೇಜಿನ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಕನ್ಸಲ್ಟೆಂಟರು ಹೊರಟುಹೋದ ಮೇಲೆ ಏನಾಗಬಹುದು ಎಂಬುದಕ್ಕೆ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಸಂಸ್ಥೆಯವರು ನನ್ನನ್ನು ಕರೆಸಿದ್ದರು. ಅವರ ಲೆಕ್ಕಪತ್ರವೆಲ್ಲ ಕ್ಲೌಡಿನಲ್ಲಿತ್ತು, ಕಟ್ಟಿಕೊಟ್ಟ ಕನ್ಸಲ್ಟೆಂಟರು ಕರಾರು ಮುಗಿಸಿ ಹೋಗಿದ್ದರು. ಒಂದು ಸಣ್ಣ ಬದಲಾವಣೆಗೆ ಖಾತೆಯ ಒಡೆತನದ ಲಾಗಿನ್ ಬೇಕಾಯಿತು. ಕ್ಲೌಡಿನಲ್ಲಿ ಎಲ್ಲ ಲಾಗಿನ್‌ಗಳಿಗೂ ಮೇಲೆ ಇಂಥದ್ದೊಂದಿರುತ್ತದೆ. ಇಡೀ ಖಾತೆಯನ್ನೇ ಮುಚ್ಚುವ ಅಧಿಕಾರ ಅದಕ್ಕಿದೆ. ಹುಡುಕಿದರೆ ಅದು ಕನ್ಸಲ್ಟೆಂಟ್ ಕಂಪನಿಯ ಒಬ್ಬ ಕಿರಿಯ ಎಂಜಿನಿಯರನ ಇಮೇಲ್ ವಿಳಾಸದಲ್ಲಿತ್ತು. ಆತ ಕೆಲಸ ಬಿಟ್ಟಾಗಿತ್ತು, ವಿಳಾಸ ಮುಚ್ಚಿಹೋಗಿತ್ತು, ಒಟಿಪಿ ಹೋಗುತ್ತಿದ್ದುದು ಆತನ ಹಳೆಯ ಮೊಬೈಲಿಗೆ. ಕಾರ್ಯದರ್ಶಿಗಳು ಕಪಾಟಿನಿಂದ ಹ್ಯಾಂಡೋವರ್ ಕಡತ ತಂದು ನನ್ನ ಮುಂದಿಟ್ಟರು. ದಪ್ಪ ರಟ್ಟು, ಬಣ್ಣದ ನಕ್ಷೆಗಳು, ಪ್ರತಿ ಪುಟಕ್ಕೂ ಮೊಹರು. ಆ ವಿಳಾಸದ ವಿಷಯ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ತಮ್ಮ ಖಾತೆ ತಮ್ಮದೇ ಎಂದು ಕ್ಲೌಡ್ ಕಂಪನಿಗೆ ನಂಬಿಸಲು ಆ ಸಂಸ್ಥೆಯವರು ನೋಂದಣಿ ಪತ್ರ, ಠರಾವು, ಬ್ಯಾಂಕ್ ಪತ್ರಗಳನ್ನು ಹೊತ್ತು ವಾರಗಟ್ಟಲೆ ಪತ್ರವ್ಯವಹಾರ ನಡೆಸಿದರು. ಮನೆ ಕಟ್ಟಿಸಿದವರಿಗೆ ಇದು ಅರ್ಥವಾಗುತ್ತದೆ: ಗೋಡೆಯೊಳಗೆ ಪೈಪು ಎಲ್ಲೆಲ್ಲಿ ಹೋಗಿದೆ ಎಂದು, ಗಾರೆ ಮೆತ್ತುವ ಮೊದಲು ನಿಂತು ನೋಡದಿದ್ದರೆ, ಆಮೇಲೆ ಪ್ಲಂಬರನನ್ನೇ ಹುಡುಕಿಕೊಂಡು ಹೋಗಬೇಕು.

ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯಲ್ಲಿ 2024ರ ಮೇ ತಿಂಗಳಲ್ಲಿ ನಡೆದದ್ದು ಇದಕ್ಕಿಂತ ಗಾಬರಿ ಹುಟ್ಟಿಸುವಂಥದ್ದು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಆ ನಿಧಿಯ ವ್ಯವಸ್ಥೆ ಗೂಗಲ್ ಕ್ಲೌಡಿನಲ್ಲಿತ್ತು. ಮೊದಲು ಅದನ್ನು ಸಜ್ಜುಗೊಳಿಸುವಾಗ ಗೂಗಲ್ ಸಿಬ್ಬಂದಿ ತಂತ್ರಾಂಶದಲ್ಲಿ ಒಂದು ಜಾಗವನ್ನು ತುಂಬದೆ ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಅವಧಿ ಒಂದು ವರ್ಷ ಎಂದು ಯಂತ್ರ ತಾನೇ ಲೆಕ್ಕಹಾಕಿಕೊಳ್ಳುತ್ತಿತ್ತು. ವರ್ಷ ತುಂಬಿದ ದಿನ ನಿಧಿಯ ಪ್ರೈವೇಟ್ ಕ್ಲೌಡ್, ಮುನ್ಸೂಚನೆಯೂ ಇಲ್ಲದೆ, ಅಳಿಸಿಹೋಯಿತು. ಸದಸ್ಯರಿಗೆ ಒಂದು ವಾರಕ್ಕೂ ಹೆಚ್ಚು ಕಾಲ ತಮ್ಮ ಖಾತೆ ನೋಡಲಾಗಲಿಲ್ಲ. ಹಣ ಮಾತ್ರ ಸುರಕ್ಷಿತವಾಗಿತ್ತು. ಎಲ್ಲವನ್ನೂ ಮರಳಿ ಕಟ್ಟಲು ನೆರವಾದದ್ದು, ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿರಬೇಕು ಎಂದು ಯೂನಿಸೂಪರ್ ಮೊದಲೇ ತೆಗೆದುಕೊಂಡಿದ್ದ ನಿರ್ಧಾರ. ಎಲ್ಲ ಸರಿಯಾಗಿದ್ದ ದಿನಗಳಲ್ಲಿ ಅದೊಂದು ವ್ಯರ್ಥ ಖರ್ಚಾಗಿ ಕಂಡಿರಬಹುದು. ಅಂಥ ಖರ್ಚನ್ನು ಹಟ ಹಿಡಿದು ಉಳಿಸಿಕೊಳ್ಳುವವರು ಸಂಸ್ಥೆಯ ಒಳಗಿನವರೇ ಆಗಿರಬೇಕು.

ಒಳಗಿನವರೂ ಹೊರಗಿನವರೂ ಸೇರಿ ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ನಾವು ಬಹಳ ದೂರ ಹೋಗಬೇಕಿಲ್ಲ. ಕ್ಲೌಡ್ ಬರುವ ಮೊದಲೇ, 2000ದ ಆಸುಪಾಸಿನಲ್ಲಿ, ಕರ್ನಾಟಕದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಂತ್ರಾಂಶ ಬರೆದದ್ದು ಸರ್ಕಾರದ್ದೇ ಆದ ಎನ್‌ಐಸಿ. ಬೆರಳಚ್ಚಿನ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಕೊಟ್ಟರು. ಆದರೆ ಆ ಏಜೆನ್ಸಿಗಳ ಹುಡುಗರು ಕೂತು ಕೆಲಸ ಮಾಡಿದ್ದು ತಾಲ್ಲೂಕು ಕಚೇರಿಯಲ್ಲೇ. ತಾಳೆ ನೋಡಿದವರು ಕಂದಾಯ ಇಲಾಖೆಯ ನೌಕರರು. ಯಾವ ಸರ್ವೆ ನಂಬರಿನ ಯಾವ ಕಾಲಂನಲ್ಲಿ ಯಾರ ಹೆಸರು ಹೇಗೆ ಬಂತು ಎಂಬುದು ಗೊತ್ತಿದ್ದ ಗ್ರಾಮ ಲೆಕ್ಕಿಗರು. ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬೇಕಾದವರು ಬೆರಳಿನ ಗುರುತು ಕೊಟ್ಟೇ ಒಳಗೆ ಹೋಗಬೇಕಿತ್ತು, ಹಾಗಾಗಿ ತಿದ್ದಿದವರು ಯಾರು ಎಂಬುದು ದಾಖಲೆಯಲ್ಲಿ ಉಳಿಯುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತ್ತು. ಕೈಗಳನ್ನು ಹೊರಗಿನಿಂದ ತಂದರು, ತಿಳಿವಳಿಕೆಯನ್ನೂ ಹೊಣೆಯನ್ನೂ ಒಳಗೇ ಇಟ್ಟುಕೊಂಡರು. ರೈತ 15 ರೂಪಾಯಿ ಕೊಟ್ಟು ಕಿಂಡಿಯಲ್ಲಿ ಪಹಣಿ ಪಡೆದದ್ದರ ಹಿಂದೆ ಈ ಏರ್ಪಾಡು ಇತ್ತು.

ಇತ್ತೀಚಿನ ನಿಯಮಗಳೂ ಇದೇ ಕಡೆಗೆ ಬೆರಳು ತೋರಿಸುತ್ತವೆ. ರಿಸರ್ವ್ ಬ್ಯಾಂಕು 2023ರ ಏಪ್ರಿಲ್ 10ರಂದು ಐಟಿ ಸೇವೆಗಳ ಹೊರಗುತ್ತಿಗೆ ಕುರಿತು ನಿರ್ದೇಶನ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಕೆಲಸವನ್ನು ಯಾರಿಗೇ ವಹಿಸಿದರೂ ಬ್ಯಾಂಕಿನ ಹೊಣೆ ಕಡಿಮೆಯಾಗುವುದಿಲ್ಲ, ಗುತ್ತಿಗೆದಾರನನ್ನು ಬಿಟ್ಟು ಹೊರಬರುವ ದಾರಿಯನ್ನು ಮೊದಲೇ ಯೋಚಿಸಿರಬೇಕು ಎಂಬುದು ಅದರ ತಿರುಳು. ಆದರೆ ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಮೊದಲೆರಡು ಶ್ರೇಣಿಯವು, ಅಂದರೆ ಸಣ್ಣವು, ಈ ನಿರ್ದೇಶನದ ವ್ಯಾಪ್ತಿಗೆ ಬರಲಿಲ್ಲ. ನಮ್ಮ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಅಂಥವೇ ಹೆಚ್ಚು. ಕಾನೂನು ಕೇಳದಿದ್ದರೂ ಠೇವಣಿದಾರರಿಗಾಗಿ ಅವರು ತಾವೇ ಈ ಶಿಸ್ತನ್ನು ಪಾಲಿಸಬೇಕು. ಇನ್ನು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಕಂಡ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಮಧ್ಯರಾತ್ರಿ ಕನ್ಸಲ್ಟೆಂಟನ ಫೋನು ಸ್ವಿಚ್ ಆಫ್ ಆಗಿದ್ದರೂ ಆ 6 ಗಂಟೆ ಓಡುತ್ತಲೇ ಇರುತ್ತದೆ.

ಸ್ವಂತ ನೌಕರರು ಬೇಕೆಂಬುದಕ್ಕೆ ಬೆಂಗಳೂರಿನವರಾದ ನಮಗೆ ಇನ್ನೊಂದು ಸಾಕ್ಷಿ ಕಣ್ಣ ಮುಂದೆಯೇ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಸ್ವಂತ ಕೇಂದ್ರ ತೆರೆಯಿತು. ಆಮೇಲೆ ದಶಕಗಟ್ಟಲೆ ವಿದೇಶಿ ಕಂಪನಿಗಳು ನಮ್ಮ ಐಟಿ ಸೇವಾ ಕಂಪನಿಗಳಿಗೆ ಕೆಲಸ ವಹಿಸಿದವು. ಈಗ ಅವುಗಳಲ್ಲಿ ಅನೇಕವು ತಮ್ಮದೇ ನೌಕರರ ಕೇಂದ್ರಗಳನ್ನು ಇಲ್ಲೇ ಕಟ್ಟುತ್ತಿವೆ. ದೇಶದಲ್ಲಿ ಅಂಥವು 1,700ಕ್ಕೂ ಹೆಚ್ಚಿವೆ ಎಂದು ನಾಸ್ಕಾಮ್ 2024ರಲ್ಲಿ ಲೆಕ್ಕ ಕೊಟ್ಟಿತು, ಬೆಂಗಳೂರಿನ ಪಾಲು ಎಲ್ಲಕ್ಕಿಂತ ದೊಡ್ಡದು. ಜಗತ್ತಿನ ಬ್ಯಾಂಕುಗಳು, ಅಂಗಡಿ ಸರಪಳಿಗಳು ತಮ್ಮ ಕ್ಲೌಡನ್ನು ಕಾಯಲು ನಮ್ಮ ಮಕ್ಕಳನ್ನು ನೌಕರಿಗೆ ಸೇರಿಸಿಕೊಳ್ಳುತ್ತಿವೆ. ಅದೇ ಊರಿನ ಒಂದು ಇಲಾಖೆಯಲ್ಲಿ, ಒಂದು ವಿಶ್ವವಿದ್ಯಾಲಯದಲ್ಲಿ, ಕ್ಲೌಡ್ ಎಂಜಿನಿಯರ್ ಎಂಬ ಹುದ್ದೆಯೇ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಇರುವುದಿಲ್ಲ. ಹೊರಗುತ್ತಿಗೆಯಲ್ಲಿ ತೆಗೆದುಕೊಂಡವರು ಹನ್ನೊಂದು ತಿಂಗಳ ಕರಾರಿನ ಮೇಲೆ ಇರುತ್ತಾರೆ. ವ್ಯವಸ್ಥೆ ಅರ್ಥವಾಗುವ ಹೊತ್ತಿಗೆ ಹೊರಟುಹೋಗುತ್ತಾರೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ಟೆಂಡರ್ ಪದ್ಧತಿಯ ಬಗ್ಗೆ ಒಂದು ಮಾತು. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ನಮ್ಮ ಪಾರದರ್ಶಕತೆ ಕಾಯ್ದೆ 1999ರದು. ಎಷ್ಟು ಸರ್ವರ್, ಎಷ್ಟು ಕೇಬಲ್ ಎಂದು ಎಣಿಸಿ ಕೊಳ್ಳುವ ಕಾಲದ್ದು. ಕ್ಲೌಡಿನ ಬಿಲ್ಲು ಕರೆಂಟಿನಂತೆ ಬಳಸಿದಷ್ಟಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಕೂಗಿದವನು, ಕೆಲಸ ಹಿಡಿದು, ಆಮೇಲೆ ಪ್ರತಿ ಸಣ್ಣ ಬದಲಾವಣೆಗೂ ಹೆಚ್ಚುವರಿ ಬಿಲ್ಲು ಹಾಕುವುದನ್ನು ಈ ಸಭೆಯಲ್ಲಿ ಅನೇಕರು ನೋಡಿದ್ದೀರಿ. ಇದನ್ನು ತಿದ್ದುವುದು ಒಂದು ಉಪನ್ಯಾಸದಿಂದ ಆಗುವ ಕೆಲಸವಲ್ಲ. ಆದರೆ ಇರುವ ನಿಯಮದೊಳಗೇ ಮಾಡಬಹುದಾದ್ದು ಒಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ.

ಟೆಂಡರ್ ಕರೆಯುವ ಮೊದಲು ಎರಡೋ ಮೂರೋ ಕಾಯಂ ಹುದ್ದೆಗಳನ್ನು ತುಂಬಿ. ಆ ಎಂಜಿನಿಯರುಗಳನ್ನು ಮೊದಲ ದಿನದಿಂದ ಕನ್ಸಲ್ಟೆಂಟರ ಪಕ್ಕದಲ್ಲಿ ಕೂರಿಸಿ, ಅರ್ಧ ಕೆಲಸ ಅವರ ಕೈಯಿಂದಲೇ ಆಗಲಿ. ಒಡೆತನದ ಲಾಗಿನ್ ಸಂಸ್ಥೆಯ ಹುದ್ದೆಯ ಹೆಸರಿನ ವಿಳಾಸದಲ್ಲಿರಲಿ, ಯಾವ ವ್ಯಕ್ತಿಯ ಹೆಸರಿನಲ್ಲೂ ಬೇಡ. ಕೊನೆಯ ಮೂರು ತಿಂಗಳು ರಾತ್ರಿ ಪಾಳಿಯನ್ನು ನಿಮ್ಮವರೇ ಹೊರಲಿ, ಕನ್ಸಲ್ಟೆಂಟರು ಬೆನ್ನಿಗೆ ನಿಲ್ಲಲಿ. ಅಂತಿಮ ಕಂತು ಕೊಡುವ ಮೊದಲು ಒಂದು ದಿನ ಗೊತ್ತುಮಾಡಿ; ಪರೀಕ್ಷೆಯ ವ್ಯವಸ್ಥೆಯನ್ನು ಪೂರ್ತಿ ಅಳಿಸಿ, ಬರೆದಿಟ್ಟ ಕೋಡಿನಿಂದಲೂ ಬ್ಯಾಕಪ್ಪಿನಿಂದಲೂ ನಿಮ್ಮ ಎಂಜಿನಿಯರುಗಳು ಮತ್ತೆ ಎಬ್ಬಿಸಲಿ. ಕನ್ಸಲ್ಟೆಂಟರು ಅದೇ ಕೋಣೆಯಲ್ಲಿ, ಕೀಬೋರ್ಡ್ ಮುಟ್ಟದೆ, ಕೂತಿರಲಿ. ಸಂಜೆಯೊಳಗೆ ಎದ್ದು ನಿಂತರೆ ಚೆಕ್ಕಿಗೆ ಸಹಿ ಹಾಕಿ. ನಿಲ್ಲದಿದ್ದರೆ ಸಹಿ ಹಾಕಬೇಡಿ. ಈ ಷರತ್ತನ್ನು ನಿಮ್ಮ ಮುಂದಿನ ಟೆಂಡರಿನ ಕರಡಿನಲ್ಲೇ ಸೇರಿಸಬೇಕೆಂದು ಇಲ್ಲಿರುವ ಕುಲಸಚಿವರನ್ನೂ, ಸಹಕಾರಿ ಬ್ಯಾಂಕುಗಳ ನಿರ್ದೇಶಕರನ್ನೂ, ಇಲಾಖೆಯ ಅಧಿಕಾರಿಗಳನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.